ನೀರು 50 ಡಿಗ್ರಿ, ಮಣ್ಣು 18 ಡಿಗ್ರಿ: ಹಸಿರುಮನೆಯ ನೆಲದಡಿ ತೇವ ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮ ಹಸಿರುಮನೆಯಲ್ಲಿ 30 ಸೆಂ.ಮೀ. ಆಳದಲ್ಲಿ ಬಿಸಿನೀರಿನ ಪೈಪು ಹೂಳಿದ್ದೇವೆ. ಪೈಪಿನ ಹೊರ ಅಳತೆ 2 ಸೆಂ.ಮೀ., ಸಾಲಿನಿಂದ ಸಾಲಿಗೆ 60 ಸೆಂ.ಮೀ., ಒಟ್ಟು ಉದ್ದ ಸುಮಾರು 85 ಮೀಟರ್. ಮರಳು ಮಿಶ್ರಿತ ಮಣ್ಣು. ನಿಮಿಷಕ್ಕೆ 10 ಲೀಟರ್ ನೀರು ಹರಿಯುತ್ತದೆ. ಮೊದಲ ತಿಂಗಳು 38 ಡಿಗ್ರಿಯ ನೀರು ಬಿಟ್ಟರೆ 34ಕ್ಕೆ ವಾಪಸ್ ಬರುತ್ತಿತ್ತು. 10 ಸೆಂ.ಮೀ. ಆಳದಲ್ಲಿ ಮಣ್ಣು 21 ಡಿಗ್ರಿ ಇತ್ತು. ಎರಡನೇ ತಿಂಗಳು ಮಣ್ಣು ತಣ್ಣಗಾಗತೊಡಗಿತು. ನೀರನ್ನು 50 ಡಿಗ್ರಿಗೆ ಏರಿಸಿದೆವು. ಈಗ 47.5ಕ್ಕೆ ವಾಪಸ್ ಬರುತ್ತಿದೆ, ಮಣ್ಣು ಮಾತ್ರ 18ರಲ್ಲೇ ನಿಂತಿದೆ. ದಿನಾ ಡ್ರಿಪ್ ಬಿಡುತ್ತೇವೆ, ಮೇಲ್ಮಣ್ಣು ಹಸಿಯಾಗಿಯೇ ಇದೆ. ಅಗೆದು ನೋಡಿದರೆ ಪೈಪಿನ ಸುತ್ತ ಅರ್ಧ ಗೇಣು ಮಣ್ಣು ಬೂದಿಯ ಹಾಗೆ ಒಣಗಿದೆ. ಅಲ್ಲಿದ್ದ ನೀರು ಎಲ್ಲಿಗೆ ಹೋಯಿತು? ಇನ್ನೂ ಬಿಸಿ ಏರಿಸಬೇಕೇ? ಪೈಪಿನ ಅಡಿಗೆ ಥರ್ಮಾಕೋಲ್ ಹಾಸಬೇಕಿತ್ತೇ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಬಾಯ್ಲರಿನ ಬಿಸಿಯನ್ನು ಇವತ್ತೇ ಇಳಿಸಿ. ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ. 50 ಡಿಗ್ರಿಯ ನೀರಿನಿಂದ ನಿಮ್ಮ ಗಿಡಗಳಿಗೆ ಏನೂ ಲಾಭವಾಗುತ್ತಿಲ್ಲ. ಪೈಪಿನ ಹತ್ತಿರ ಅಳಿದುಳಿದ ತೇವವನ್ನೂ ಅದು ದೂರ ಓಡಿಸುತ್ತಿದೆ.

ವಾಪಸ್ ಬರುವ ನೀರಿನ ಬಿಸಿಯನ್ನು ಬರೆದಿಟ್ಟಿದ್ದೀರಲ್ಲ, ಅದು ತುಂಬಾ ಒಳ್ಳೆಯದಾಯಿತು. ನಿಮ್ಮ ತೊಂದರೆ ಏನೆಂದು ಆ ಎರಡು ಅಂಕಿಗಳೇ ಹೇಳುತ್ತವೆ. ನಿಮಿಷಕ್ಕೆ 10 ಲೀಟರ್ ಹರಿಯುವ ನೀರು 1 ಡಿಗ್ರಿ ತಣ್ಣಗಾದರೆ ಸುಮಾರು 700 ವಾಟ್ ಶಾಖ ಬಿಟ್ಟುಕೊಟ್ಟ ಹಾಗೆ. ಮೊದಲ ತಿಂಗಳು ನೀರು 4 ಡಿಗ್ರಿ ಇಳಿಯುತ್ತಿತ್ತು. ಅಂದರೆ ಮಣ್ಣಿಗೆ 2.8 ಕಿಲೋವಾಟ್ ಸೇರುತ್ತಿತ್ತು. ಈಗ ಇಳಿಯುತ್ತಿರುವುದು ಎರಡೂವರೆ ಡಿಗ್ರಿ. ಸೇರುತ್ತಿರುವುದು ಸುಮಾರು 1.75 ಕಿಲೋವಾಟ್. ನೀರನ್ನು 12 ಡಿಗ್ರಿ ಜಾಸ್ತಿ ಕಾಯಿಸಿದ ಮೇಲೆ ಮಣ್ಣಿಗೆ ಹೋಗುವ ಶಾಖ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಕಡಿಮೆಯಾಗಿದೆ. ಬಾಯ್ಲರ್ ಸರಿಯಿದೆ, ಪಂಪು ಸರಿಯಿದೆ. ಪೈಪಿಗೂ ಬೇರಿಗೂ ನಡುವೆ ಇರುವ ಮಣ್ಣು ಮೊದಲಿನ ಮಣ್ಣಾಗಿ ಉಳಿದಿಲ್ಲ.

ಮಣ್ಣಿನಲ್ಲಿ ಕಣ ಇರುತ್ತದೆ, ನೀರು ಇರುತ್ತದೆ, ಗಾಳಿ ಇರುತ್ತದೆ. ಶಾಖ ದಾಟಿಸುವುದರಲ್ಲಿ ಈ ಮೂರಕ್ಕೂ ಅಜಗಜಾಂತರ. ಒಂದು ಮೀಟರ್ ದಪ್ಪ, ಒಂದು ಚದರ ಮೀಟರ್ ಅಗಲದ ಗೋಡೆ ಇದೆ ಅಂದುಕೊಳ್ಳಿ. ಆಚೆ ಈಚೆ 1 ಡಿಗ್ರಿ ವ್ಯತ್ಯಾಸ ಇದ್ದರೆ, ಗಟ್ಟಿ ಬೆಣಚುಕಲ್ಲಿನ ಗೋಡೆ 8 ವಾಟಿಗೂ ಜಾಸ್ತಿ ಶಾಖ ದಾಟಿಸುತ್ತದೆ. ನಿಂತ ನೀರಾದರೆ 0.6 ವಾಟ್. ನಿಂತ ಗಾಳಿಯಾದರೆ 0.025 ಮಾತ್ರ. ಮರಳಿನ ಕಣ ಬೆಣಚುಕಲ್ಲೇ ಆದ್ದರಿಂದ ಒಣ ಮರಳು ಚೆನ್ನಾಗಿ ಶಾಖ ದಾಟಿಸಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಕಣಗಳು ಒಂದಕ್ಕೊಂದು ತಾಗುವುದು ಸೂಜಿಮೊನೆಯಷ್ಟು ಜಾಗದಲ್ಲಿ. ಉಳಿದ ಕಡೆಯೆಲ್ಲ ಗಾಳಿ ತುಂಬಿದೆ. ಅದಕ್ಕೇ ಒಣ ಮರಳಿಗೆ 0.3 ವಾಟ್ ದಾಟಿಸುವುದೂ ಕಷ್ಟ. ಅದೇ ಮರಳು ನೀರು ಕುಡಿದರೆ 2 ವಾಟ್ ದಾಟಿಸುತ್ತದೆ. ಎರಡು ಕಣ ತಾಗುವ ಮೂಲೆಯಲ್ಲಿ ನೀರು ಮೊದಲು ಕೂರುತ್ತದೆ, ಕೂತು ಸೇತುವೆಯಾಗುತ್ತದೆ. ಹಾಗಾಗಿ ಮೊದಲ ಸ್ವಲ್ಪ ನೀರೇ ಬಹುಪಾಲು ಕೆಲಸ ಮಾಡಿಬಿಡುತ್ತದೆ. ಹದದಲ್ಲಿರುವ ನಿಮ್ಮ ಮಣ್ಣಿಗೆ 1.5 ಎಂದು ಇಟ್ಟುಕೊಂಡರೆ ತಪ್ಪಾಗದು. ಕೊಳೆತ ಎಲೆ, ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಗಿಡಗಳ ಪುಡಿ) ತುಂಬಿದ ಮಡಿಗಳ ಕಥೆ ಇನ್ನೂ ಕಷ್ಟ. ಒಣಗಿದ ಪೀಟ್ 0.06ಕ್ಕೆ ಇಳಿಯುತ್ತದೆ. ಅದು ಹೆಚ್ಚುಕಡಿಮೆ ಕಂಬಳಿಯೇ.

ಈಗ ಆ ಅರ್ಧ ಗೇಣು ಒಣ ಮಣ್ಣಿನ ಬೆಲೆ ಎಷ್ಟು ನೋಡೋಣ. ಮೊದಲ ತಿಂಗಳು ನಿಮ್ಮ ಪೈಪಿನ ಪ್ರತಿ ಮೀಟರಿನಿಂದ ಸುಮಾರು 33 ವಾಟ್ ಹೊರಬರುತ್ತಿತ್ತು. ಪೈಪಿನ ಸುತ್ತಲಿನ 10 ಸೆಂ.ಮೀ. ಮಣ್ಣು ಹದವಾಗಿದ್ದರೆ ಅಷ್ಟು ಶಾಖ ದಾಟುವುದರಲ್ಲಿ 8 ಡಿಗ್ರಿ ಖರ್ಚಾಗುತ್ತದೆ. ಒಣಗಿದ್ದರೆ 42 ಡಿಗ್ರಿ ಬೇಕು. ಇನ್ನೊಂದು ವಿಷಯ ಗಮನಿಸಿ. ಆ 42ರಲ್ಲಿ 24 ಡಿಗ್ರಿ ಖರ್ಚಾಗುವುದು ಪೈಪಿಗೆ ಅಂಟಿದ ಮೊದಲ 3 ಸೆಂ.ಮೀ. ಒಳಗೆ. ಪೈಪಿನ ಮೈ ಚಿಕ್ಕದು, ಅಲ್ಲಿ ಶಾಖ ಇಕ್ಕಟ್ಟಿನಲ್ಲಿ ನುಗ್ಗಬೇಕು. ಹೊರಗೆ ಹೋದಂತೆ ದಾರಿ ಅಗಲವಾಗುತ್ತದೆ. ಒಣಗುವುದು ಮೊದಲು ಎಲ್ಲಿ? ಅದೇ ಇಕ್ಕಟ್ಟಿನ ಜಾಗದಲ್ಲೇ. ಅದಕ್ಕೇ ಇಡೀ ಮಡಿ ಹಸಿಯಾಗಿದ್ದರೂ ಪೈಪಿನ ಸುತ್ತಲಿನ ಸಣ್ಣ ಒಣ ಕವಚ ಇಡೀ ವ್ಯವಸ್ಥೆಯನ್ನು ಕಟ್ಟಿಹಾಕುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ನೀರು ಹೋದದ್ದು ಎಲ್ಲಿಗೆ? ಬಹಳ ಜನ ಬೇರು ಕುಡಿದಿರಬೇಕು ಅಥವಾ ಕೆಳಗೆ ಬಸಿದಿರಬೇಕು ಅಂದುಕೊಳ್ಳುತ್ತಾರೆ. ಸ್ವಲ್ಪ ಹಾಗೂ ಹೋಗಿರುತ್ತದೆ. ಬಹುಪಾಲು ಮಾತ್ರ ಆವಿಯಾಗಿ ತಣ್ಣನೆಯ ಕಡೆಗೆ ನಡೆದುಹೋಗಿದೆ.

ಮಣ್ಣಿನ ಒಳಗಿನ ಗಾಳಿ ಯಾವಾಗಲೂ ಆವಿಯಿಂದ ತುಂಬಿ ತುಳುಕುತ್ತಿರುತ್ತದೆ. ಗಿಡ ಬಾಡಿ ಬೀಳುವಷ್ಟು ಒಣಗಿದ ಮಣ್ಣಿನಲ್ಲೂ ಆ ಗಾಳಿಯ ಆರ್ದ್ರತೆ ಸುಮಾರು 99 ಪ್ರತಿಶತ. ಅಂದರೆ ಎಲ್ಲಿ ಎಷ್ಟು ಆವಿ ಇದೆ ಅನ್ನುವುದನ್ನು ಅಲ್ಲಿನ ಬಿಸಿಯೇ ನಿರ್ಧರಿಸುತ್ತದೆ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 9.4 ಗ್ರಾಂ ಆವಿ ಹಿಡಿಯುತ್ತದೆ. 20ರಲ್ಲಿ 17.3, 30ರಲ್ಲಿ 30.4, 40ರಲ್ಲಿ 51.2 ಗ್ರಾಂ. ಈ ಸಾಲನ್ನು ಇನ್ನೊಮ್ಮೆ ನೋಡಿ. ಪ್ರತಿ ಸಲವೂ ಏರಿದ್ದು 10 ಡಿಗ್ರಿಯೇ. ಆದರೆ 10ರಿಂದ 20ಕ್ಕೆ ಆವಿ ಜಾಸ್ತಿಯಾದದ್ದು 8 ಗ್ರಾಂ, 30ರಿಂದ 40ಕ್ಕೆ 21 ಗ್ರಾಂ. ಆವಿ ಜಾಸ್ತಿ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಿಯುತ್ತದೆ. ಹಾಗಾಗಿ ಪೈಪು ಬಿಸಿಯಾದಷ್ಟೂ ನೀರನ್ನು ತಳ್ಳುವ ಒತ್ತಡ ಬಿಸಿಗಿಂತ ವೇಗವಾಗಿ ಏರುತ್ತದೆ. 38ರಿಂದ 50ಕ್ಕೆ ಹೋದಾಗ ನಿಮಗೆ ಆದದ್ದು ಇದು.

ವೇಗ ಎಷ್ಟಿರಬಹುದು? 3 ಸೆಂ.ಮೀ. ದೂರದಲ್ಲಿ 40ರಿಂದ 30ಕ್ಕೆ ಇಳಿಯುವ ಮಣ್ಣಿನಲ್ಲಿ ಸುಮ್ನೆ ಆವಿ ಹರಡುವುದನ್ನಷ್ಟೇ ಲೆಕ್ಕ ಹಾಕಿದರೂ ದಿನಕ್ಕೆ ಕಾಲು ಮಿಲಿಮೀಟರ್ ನೀರು ಸಾಗುತ್ತದೆ. 3 ಸೆಂ.ಮೀ. ಮಣ್ಣಿನಲ್ಲಿ ಇರುವ ನೀರು ಹೆಚ್ಚೆಂದರೆ 6 ಮಿಲಿಮೀಟರ್. ಹಿಂದಿನಿಂದ ನೀರು ಬರದಿದ್ದರೆ ಮೂರು ನಾಲ್ಕು ವಾರದಲ್ಲಿ ಖಾಲಿ. ನಿಮ್ಮ ಮೊದಲ ತಿಂಗಳಿಗೆ ಇದು ಸರಿಯಾಗಿ ಹೊಂದುತ್ತದೆ. ನಿಜವಾದ ಮಣ್ಣಿನಲ್ಲಿ ಆವಿ ಈ ಲೆಕ್ಕಕ್ಕಿಂತಲೂ ಜೋರಾಗಿ ಸಾಗುತ್ತದೆ. ಯಾಕೆ ಅನ್ನುವುದನ್ನು 1957ರಲ್ಲಿ ಆಸ್ಟ್ರೇಲಿಯಾದ ಜಾನ್ ಫಿಲಿಪ್ ಮತ್ತು ನೆದರ್ಲೆಂಡ್ಸಿನ ಡಿ ವ್ರೀಸ್ ವಿವರಿಸಿದರು. ನನಗೆ ತುಂಬಾ ಇಷ್ಟವಾದ ವಿವರಣೆ ಅದು. ಕಣಗಳ ನಡುವೆ ನೀರು ಸಣ್ಣ ಸಣ್ಣ ದ್ವೀಪಗಳ ಹಾಗೆ ಕೂತಿರುತ್ತದೆ. ಬರುವ ಆವಿಗೆ ಇವು ಅಡ್ಡ ನಿಲ್ಲಬೇಕಿತ್ತು. ಹಾಗಾಗುವುದಿಲ್ಲ. ಬಿಸಿ ಕಡೆಯಿಂದ ಬಂದ ಆವಿ ದ್ವೀಪದ ಒಂದು ದಡದಲ್ಲಿ ನೀರಾಗಿ ಸೇರುತ್ತದೆ. ಅಷ್ಟೇ ನೀರು ಇನ್ನೊಂದು ದಡದಿಂದ ಆವಿಯಾಗಿ ಹೊರಡುತ್ತದೆ. ತುಂಬಿದ ಕೊಳವೆಯ ಈ ತುದಿಗೆ ಒಂದು ಹನಿ ಹಾಕಿದರೆ ಆ ತುದಿಯಲ್ಲಿ ಒಂದು ಹನಿ ಬಿದ್ದ ಹಾಗೆ. ಅಡ್ಡವಾಗಬೇಕಿದ್ದ ನೀರೇ ದಾರಿಯಾಗುತ್ತದೆ.

ಆವಿಯ ಜೊತೆಗೆ ದ್ರವ ನೀರೂ ಸ್ವಲ್ಪ ಜರುಗುತ್ತದೆ. ಬಿಸಿ ನೀರಿನ ಮೇಲ್ಮೈ ಎಳೆತ ಕಡಿಮೆ, ತಣ್ಣೀರಿನದು ಜಾಸ್ತಿ. ಡಿಗ್ರಿಗೆ 0.2 ಪ್ರತಿಶತದಷ್ಟು ಮಾತ್ರ ವ್ಯತ್ಯಾಸ. ಆದರೂ ಎಳೆತ ತಣ್ಣನೆಯ ಕಡೆಗೇ.

ಹಾಗಾದರೆ ಮೊದಲ ತಿಂಗಳು ಯಾಕೆ ಎಲ್ಲವೂ ಸರಿಯಿತ್ತು? ಯಾಕೆಂದರೆ ಮಣ್ಣು ಸುಮ್ಮನೆ ಕೂರುವುದಿಲ್ಲ. ಪೈಪಿನ ಹತ್ತಿರ ಒಣಗಿದಂತೆ ಅಲ್ಲಿನ ಮಣ್ಣಿಗೆ ಬಾಯಾರಿಕೆ ಜಾಸ್ತಿಯಾಗುತ್ತದೆ. ಅದು ದೂರದ ಹಸಿ ಮಣ್ಣಿನಿಂದ ನೀರನ್ನು ದ್ರವವಾಗಿಯೇ ವಾಪಸ್ ಹೀರುತ್ತದೆ. ಆವಿಯಾಗಿ ಆಚೆ, ದ್ರವವಾಗಿ ಈಚೆ. ಎರಡೂ ಸರಿಸಮವಾಗಿದ್ದಷ್ಟು ದಿನ ಪೈಪಿನ ಸುತ್ತ ಹದ ಉಳಿಯುತ್ತದೆ. ಜೊತೆಗೆ ಈ ಓಡಾಟವೇ ಶಾಖವನ್ನೂ ಹೊತ್ತು ಸಾಗಿಸುತ್ತದೆ. ಬಿಸಿ ಕಡೆ ಆವಿಯಾಗುವಾಗ ಹೀರಿಕೊಂಡ ಶಾಖವನ್ನು ತಣ್ಣನೆ ಕಡೆ ನೀರಾಗುವಾಗ ಬಿಟ್ಟುಕೊಡುತ್ತದಲ್ಲ. ಅದಕ್ಕೇ ಹದವಾದ ಬೆಚ್ಚನೆ ಮಣ್ಣು ಅಷ್ಟು ಚೆನ್ನಾಗಿ ಶಾಖ ದಾಟಿಸುವುದು.

ವಾಪಸ್ ಬರುವ ದಾರಿಗೆ ಒಂದು ದೌರ್ಬಲ್ಯ ಇದೆ. ದ್ರವ ನೀರು ಹರಿಯಬೇಕಾದರೆ ಕಣದಿಂದ ಕಣಕ್ಕೆ ನೀರಿನ ಪದರ ಕಡಿಯದೆ ಇರಬೇಕು. ಮಣ್ಣು ಒಣಗಿದಂತೆ ಆ ದಾರಿ ಸವೆಯುವುದು ಮೆಲ್ಲಗೆ ಅಲ್ಲ. ತೇವ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗುವುದಿಲ್ಲ, ನೂರು ಪಟ್ಟು, ಸಾವಿರ ಪಟ್ಟು ಕುಸಿಯಬಹುದು. ಮರಳು ಮಣ್ಣಿನಲ್ಲಿ ಈ ಕುಸಿತ ಇನ್ನೂ ಕಡಿದಾದದ್ದು. ದೊಡ್ಡ ರಂಧ್ರಗಳು ಖಾಲಿಯಾದ ಮೇಲೆ ನೀರು ಹಿಡಿದು ಸಾಗಿಸುವ ಸಣ್ಣ ರಂಧ್ರಗಳು ಅಲ್ಲಿ ಕಡಿಮೆ. 1915ರಲ್ಲೇ ಅಮೆರಿಕದ ಮಿಷಿಗನ್‌ನಲ್ಲಿ ಜಾರ್ಜ್ ಬೂಯೂಕೋಸ್ ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಅಳೆದು ತೋರಿಸಿದ್ದರು. ಮಣ್ಣಿನ ಒಂದು ತುದಿ ಬಿಸಿ ಮಾಡಿದಾಗ ತಣ್ಣನೆ ತುದಿಗೆ ಹೋಗಿ ಸೇರುವ ನೀರು ಬಹಳ ಹಸಿ ಮಣ್ಣಿನಲ್ಲೂ ಕಡಿಮೆ, ಬಹಳ ಒಣ ಮಣ್ಣಿನಲ್ಲೂ ಕಡಿಮೆ. ನಡುವಿನ ಒಂದು ತೇವದಲ್ಲಿ ಅತಿ ಹೆಚ್ಚು. ಆವಿ ಓಡಾಡಲು ಗಾಳಿಯೂ ಸಾಕಷ್ಟಿದ್ದು, ದ್ರವ ವಾಪಸ್ ಬರುವ ದಾರಿ ಆಗಲೇ ಸೊರಗಿರುವ ಘಟ್ಟ ಅದು. ಪೈಪಿನ ಸುತ್ತಲಿನ ಮಣ್ಣು ಆ ಘಟ್ಟಕ್ಕೆ ಇಳಿಯುವವರೆಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಇಳಿದ ಮೇಲೆ ಕೆಲವೇ ದಿನಗಳಲ್ಲಿ ಕೈ ಮೀರುತ್ತದೆ.

ಆಗ ಮಣ್ಣಿನ ಬಿಸಿ ನೋಡಿ ಬಾಯ್ಲರನ್ನು ನಡೆಸುವ ಥರ್ಮೋಸ್ಟಾಟ್ ಏನು ಮಾಡುತ್ತದೆ? 10 ಸೆಂ.ಮೀ. ಆಳದಲ್ಲಿ ಮಣ್ಣು ತಣ್ಣಗಾದದ್ದು ಅದಕ್ಕೆ ಕಾಣುತ್ತದೆ. ಇನ್ನಷ್ಟು ಬಿಸಿ ಕೇಳುತ್ತದೆ. ಬಿಸಿ ಏರಿದರೆ ಒಣ ಕವಚ ದಪ್ಪವಾಗುತ್ತದೆ. ಕವಚ ದಪ್ಪವಾದರೆ ಮಣ್ಣು ಇನ್ನೂ ತಣ್ಣಗೆ. ನೀವು ಕೈಯಾರೆ ಏರಿಸಿದರೂ ಅದೇ ಸುತ್ತು. ನಾನೂ ಈ ಕೆಲಸದ ಶುರುವಿನಲ್ಲಿ ಒಂದು ಮಡಿಯನ್ನು ಹೀಗೇ ಎರಡು ವಾರ ಕಾಯಿಸಿದ್ದೆ. ಗುದ್ದಲಿ ಹಾಕಿ ಪೈಪಿನ ಪಕ್ಕದ ಮಣ್ಣು ಕೈಯಿಂದ ಸುರಿದುಹೋದಾಗಲೇ ಗೊತ್ತಾದದ್ದು. ಅವತ್ತಿನಿಂದ ಯಾರು ಕೇಳಿದರೂ ಮೊದಲು ಅಗೆದು ನೋಡಿ ಎನ್ನುತ್ತೇನೆ. ನೀವು ಕೇಳುವ ಮೊದಲೇ ಅಗೆದಿದ್ದೀರಿ, ಒಳ್ಳೆಯದು. ನೆಲದಡಿ ವಿದ್ಯುತ್ ಕೇಬಲ್ ಹಾಕುವ ಎಂಜಿನಿಯರುಗಳಿಗೂ ಇದೇ ಕಾಟ. ಕೇಬಲಿನ ಬಿಸಿಗೆ ಸುತ್ತಲಿನ ಮಣ್ಣು ಒಣಗಿ, ಶಾಖ ಹೊರಹೋಗದೆ ಕೇಬಲೇ ಹಾಳಾಗುತ್ತದೆ. ಅದಕ್ಕೆ ಅವರು ಕೇಬಲಿನ ಸುತ್ತ ಸಿಕ್ಕಿದ ಮಣ್ಣು ತುಂಬುವುದಿಲ್ಲ. ದಪ್ಪ, ಸಣ್ಣ, ನುಣ್ಣನೆಯ ಕಣಗಳೆಲ್ಲ ಸೇರಿದ ಮರಳನ್ನು ಒತ್ತಿ ತುಂಬುತ್ತಾರೆ. ದೊಡ್ಡ ಕಣಗಳ ಸಂದಿಯಲ್ಲಿ ಸಣ್ಣವು ಕೂತರೆ ಒಣಗಿದಾಗಲೂ ಶಾಖಕ್ಕೆ ದಾರಿ ಇರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡ್ರಿಪ್ ದಿನಾ ಬಿಟ್ಟರೂ ಕೆಳಗೆ ಒಣಗಿದ್ದು ಹೇಗೆ ಅಂತ ನಿಮಗೆ ಆಶ್ಚರ್ಯ. ದಿನಾ ಸ್ವಲ್ಪ ಸ್ವಲ್ಪ ಬಿಡುವುದೇ ಇಲ್ಲಿ ತೊಡಕು. ಆ ನೀರು ಮೇಲಿನ 10, 15 ಸೆಂ.ಮೀ. ನೆನೆಸಿ ಅಲ್ಲೇ ಮುಗಿಯುತ್ತದೆ. ಬೇರು ಕುಡಿದದ್ದು ಹೋಗಲಿ, ಉಳಿದದ್ದು ಬೆಚ್ಚನೆ ಮೇಲ್ಮೈಯಿಂದ ಗಾಳಿಗೆ ಹಾರುತ್ತದೆ. ಇದರಲ್ಲಿ ಶಾಖದ ನಷ್ಟವೂ ಇದೆ. ಒಂದು ಮಿಲಿಮೀಟರ್ ನೀರು, ಅಂದರೆ ಚದರ ಮೀಟರಿಗೆ ಒಂದು ಲೀಟರ್, ಒಂದು ದಿನದಲ್ಲಿ ಆವಿಯಾಗಬೇಕಾದರೆ ಹಗಲು ರಾತ್ರಿ ಸೇರಿ ಸರಾಸರಿ 28 ವಾಟ್ ಬೇಕು. ನಿಮ್ಮ 85 ಮೀಟರ್ ಪೈಪು ಸುಮಾರು 50 ಚದರ ಮೀಟರ್ ನೆಲವನ್ನು ಕಾಯಿಸುತ್ತದೆ. ಚೆನ್ನಾಗಿ ನಡೆಯುತ್ತಿದ್ದಾಗಲೂ ಚದರ ಮೀಟರಿಗೆ ಸಿಕ್ಕಿದ್ದು 55 ವಾಟ್ ಆಸುಪಾಸು. ಮೇಲ್ಮೈಯಿಂದ ದಿನಕ್ಕೆ 2 ಮಿಲಿಮೀಟರ್ ಹಾರಿದರೆ ನೀವು ಕೆಳಗಿನಿಂದ ಕೊಟ್ಟಷ್ಟೂ ಶಾಖವನ್ನು ಮೇಲಿನಿಂದ ಕಳೆದುಕೊಂಡ ಲೆಕ್ಕ. ಬಿಸಿಲಿನ ಶಾಖ ಅದರಲ್ಲಿ ಪಾಲು ಕೊಡುತ್ತದೆ, ನಿಜ. ರಾತ್ರಿ ಬಿಸಿಲಿಲ್ಲ. ರಾತ್ರಿ ಹಾರಿದ ಆವಿ ಚಾವಣಿಯ ಒಳಮೈಯಲ್ಲಿ ಹನಿಗಟ್ಟಿ ಎಲೆಗಳ ಮೇಲೆ ತೊಟ್ಟಿಕ್ಕುತ್ತದೆ, ಬೂದು ಬೂಸ್ಟು ಶುರುವಾಗುವುದು ಅಲ್ಲಿಂದಲೇ.

ಈಗ ಮಾಡಬೇಕಾದ್ದಕ್ಕೆ ಬರೋಣ.

ಬಿಸಿಯನ್ನು ಇಳಿಸಿದರೆ ಮಾತ್ರ ಸಾಲದು, ಒಣ ಕವಚ ತಾನಾಗಿ ಬೇಗ ನೆನೆಯುವುದಿಲ್ಲ. ಹರಿವಿನ ದಾರಿಯೇ ಮುಚ್ಚಿದೆಯಲ್ಲ. ಎರಡು ಮೂರು ದಿನ ಪೈಪನ್ನು ಪೂರ್ತಿ ನಿಲ್ಲಿಸಿ ಅಥವಾ 25 ಡಿಗ್ರಿಯಲ್ಲಿ ಇಡಿ. ಆ ದಿನಗಳಲ್ಲಿ ಮೇಲಿನಿಂದ ನಿಧಾನವಾಗಿ, ಆಳಕ್ಕೆ ಇಳಿಯುವ ಹಾಗೆ ನೀರು ಕೊಡಿ. ಕವಚಕ್ಕೆ ಎಷ್ಟು ಬೇಕು? ಪೈಪಿನ ಸುತ್ತ 10 ಸೆಂ.ಮೀ. ಮಣ್ಣಿನಲ್ಲಿ ನೂರಕ್ಕೆ 15 ಪಾಲು ನೀರು ತುಂಬಬೇಕಾದರೆ ಮೀಟರಿಗೆ ಸುಮಾರು 6 ಲೀಟರ್. ಒಟ್ಟು 500 ಲೀಟರ್. ಮೇಲಿನ ಮಣ್ಣು ಪೂರ್ತಿ ಹದಕ್ಕೆ ಬಂದ ಮೇಲೆ ಕೆಳಗೆ ಇಳಿಯಬೇಕಾದ ನೀರು ಇದು. ಒಂದೇ ಸಲ ಸುರಿಯಬೇಡಿ. ತೀರಾ ಒಣಗಿದ ಮರಳು ನೀರನ್ನು ಬೇಗ ಒಪ್ಪಿಕೊಳ್ಳುವುದಿಲ್ಲ, ನೀರು ಸಿಕ್ಕಿದ ಸಂದಿಯಲ್ಲಿ ನುಗ್ಗಿ ಪೈಪಿನ ಪಕ್ಕದಿಂದಲೇ ಕೆಳಗೆ ಹೋಗಿಬಿಡುತ್ತದೆ. ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ಮೂರು ದಿನ. ಆಮೇಲೆ ಒಂದು ಕಡೆ ಅಗೆದು ಪೈಪಿಗೆ ತಾಗಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆ ಕಟ್ಟಿ, ಬೆರಳಿನಲ್ಲಿ ಒತ್ತಿದರೆ ಒಡೆಯಬೇಕು. ಕೈಗೆ ನೀರು ಸೋರಬಾರದು.

ಆಮೇಲೆ ನೀರನ್ನು 28ರಿಂದ ಶುರುಮಾಡಿ. ಎರಡು ದಿನಕ್ಕೊಮ್ಮೆ 2 ಡಿಗ್ರಿ ಏರಿಸಿ. 32ರಲ್ಲಿ ನಿಲ್ಲಿಸಿ, ಒಂದು ವಾರ ನೋಡಿ. 32ಕ್ಕೆ ಮಣ್ಣು ಬೆಚ್ಚಗಾಗುತ್ತದೆಯೇ ಎಂದು ನೀವು ಕೇಳುತ್ತೀರಿ. ನಿಮ್ಮದೇ ಮೊದಲ ತಿಂಗಳ ಲೆಕ್ಕ ಇದೆಯಲ್ಲ. ಆಗ ಪೈಪಿನ ಸರಾಸರಿ ಬಿಸಿ 36, ಮೇಲ್ಮೈ 17 ಇತ್ತೆಂದು ಇಟ್ಟುಕೊಂಡರೆ 19 ಡಿಗ್ರಿ ವ್ಯತ್ಯಾಸಕ್ಕೆ 2.8 ಕಿಲೋವಾಟ್ ಸಾಗುತ್ತಿತ್ತು. ಪೈಪು ಸರಾಸರಿ 30.5 ಇದ್ದರೆ ಅದೇ ಹದದ ಮಣ್ಣಿನಲ್ಲಿ 2 ಕಿಲೋವಾಟ್ ಸಾಗಬೇಕು. ಈಗ 50 ಡಿಗ್ರಿಯ ನೀರು ಕೊಡುತ್ತಿರುವುದು 1.75. ಹಸಿ ಮಣ್ಣಿನಲ್ಲಿ 32 ಡಿಗ್ರಿ, ಒಣ ಮಣ್ಣಿನಲ್ಲಿನ 50 ಡಿಗ್ರಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಇನ್ನೂ ಬೇಕೆನಿಸಿದರೆ 35, 36ರವರೆಗೆ ಹೋಗಿ. ನಿಮ್ಮ ಮಣ್ಣಿನಲ್ಲಿ ಅದಕ್ಕಿಂತ ಮೇಲೆ ಹೋಗಬೇಡಿ. ಬಾಯ್ಲರಿನಲ್ಲೇ ಆ ಮಿತಿ ಕಟ್ಟಿ. ಮಣ್ಣಿನ ಥರ್ಮೋಸ್ಟಾಟ್ ಎಷ್ಟೇ ಕೇಳಿದರೂ ಅದು ಮೀರಬಾರದು.

ಸಂಜೆ ಹಾಕಿ ಬೆಳಗ್ಗೆ ಆರಿಸುವ ಅಭ್ಯಾಸ ಇದ್ದರೆ ಬಿಡಿ. ಪೈಪಿನಿಂದ ಹೊರಟ ಶಾಖ 30 ಸೆಂ.ಮೀ. ಮಣ್ಣು ದಾಟಿ ಮೇಲ್ಮೈ ಮುಟ್ಟಲು ಸುಮಾರು ಎರಡು ದಿನ ಬೇಕು. ಇವತ್ತು ರಾತ್ರಿಯ ಚಳಿಗೆ ಇವತ್ತು ಸಂಜೆ ಹಾಕಿದರೆ ಅದು ತಲುಪುವುದು ನಾಡಿದ್ದು. ಹದವಾದ, ಬದಲಾಗದ ಬಿಸಿ ಇಡಿ. ರಾತ್ರಿಯ ಗಾಳಿ ಬೆಚ್ಚಗಿಡಲು ಬೇರೆ ವ್ಯವಸ್ಥೆ ಬೇಕೇ ಬೇಕು, ನೆಲದ ಪೈಪು ಬೇರಿನ ಕೆಲಸಕ್ಕೆ.

ನೀರು ಕೊಡುವ ಕ್ರಮವನ್ನೂ ಬದಲಿಸಿ. ದಿನಾ ಸ್ವಲ್ಪ ಬಿಡುವುದರ ಜೊತೆಗೆ ವಾರಕ್ಕೆ ಒಂದು ಸಲ 30 ಸೆಂ.ಮೀ. ತಲುಪುವಷ್ಟು ನೀರು ಕೊಡಿ. ಸಾಧ್ಯವಾದರೆ ಡ್ರಿಪ್ಪಿನ ಸಾಲನ್ನು ಪೈಪಿನ ನೇರ ಮೇಲಕ್ಕೆ ಜರುಗಿಸಿ. ಮಡಿಯ ಮೇಲೆ ಪ್ಲಾಸ್ಟಿಕ್ ಮಲ್ಚಿಂಗ್ ಹಾಳೆ ಹೊದಿಸಿ. ಕೆಳಗಿನಿಂದ ಬಂದ ಆವಿ ಹಾಳೆಯ ಒಳಮೈಗೆ ತಾಗಿ ಹನಿಯಾಗಿ ಮಣ್ಣಿಗೇ ಬೀಳುತ್ತದೆ. ನೀರೂ ಉಳಿಯಿತು, ಆವಿಯ ಜೊತೆ ಹೋಗಬೇಕಿದ್ದ ಶಾಖವೂ ಉಳಿಯಿತು. ನನ್ನ ಮಟ್ಟಿಗೆ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಕೊಡುವುದು ಇನ್ನೊಂದಿಲ್ಲ.

ಹಾಗೆಂದು ಮಣ್ಣನ್ನು ಕೆಸರು ಮಾಡಬೇಡಿ. ಬೆಚ್ಚನೆ ಮಣ್ಣಿನಲ್ಲಿ ಬೇರು, ಸೂಕ್ಷ್ಮಜೀವಿ ಎಲ್ಲವೂ ಜೋರಾಗಿ ಉಸಿರಾಡುತ್ತವೆ. 10 ಡಿಗ್ರಿ ಏರಿದರೆ ಉಸಿರಾಟ ಹೆಚ್ಚುಕಡಿಮೆ ಎರಡು ಪಟ್ಟು. ಅತ್ತ ಬೆಚ್ಚನೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ. 10 ಡಿಗ್ರಿಯಲ್ಲಿ ಲೀಟರಿಗೆ 11.3 ಮಿಲಿಗ್ರಾಂ ಇದ್ದದ್ದು 20ರಲ್ಲಿ 9.1, 30ರಲ್ಲಿ 7.6. ಬೇಡಿಕೆ ಏರುತ್ತದೆ, ಪೂರೈಕೆ ಇಳಿಯುತ್ತದೆ. ಬೆಚ್ಚಗೆ ನೀರು ನಿಂತ ಮಣ್ಣಿನಲ್ಲಿ ಬೇರು ಕೊಳೆಯುವುದು ಬಹಳ ಬೇಗ.

ಥರ್ಮಾಕೋಲ್ ವಿಷಯ. ಪೈಪಿನ ಅಡಿಗೆ ಹಾಸದೆ ಇದ್ದದ್ದೇ ಒಳ್ಳೆಯದಾಯಿತು. ಕೆಳಗೆ ಹೋಗುವ ಶಾಖ ಶುರುವಿನ ಕೆಲವು ವಾರ ಜಾಸ್ತಿ ಇರುತ್ತದೆ. ಕೆಳಗಿನ ಮಣ್ಣು ಒಮ್ಮೆ ಬೆಚ್ಚಗಾದ ಮೇಲೆ ಅದು ಕಡಿಮೆಯಾಗುತ್ತಾ ಬರುತ್ತದೆ. ಆದರೆ ಅಡ್ಡ ಹಾಸಿದ ಹಾಳೆ ನೀರು ಬಸಿಯುವುದನ್ನು ತಡೆಯುತ್ತದೆ, ಕೆಳಗಿನಿಂದ ತೇವ ಮೇಲೇರುವುದನ್ನೂ ತಡೆಯುತ್ತದೆ. ಪೈಪಿನ ಸುತ್ತ ತೇವ ಉಳಿಸಬೇಕಾದ ಕಡೆ ಒಂದು ದಿಕ್ಕಿನ ದಾರಿಯನ್ನೇ ಮುಚ್ಚಿದ ಹಾಗೆ. ಶಾಖ ನಿಜವಾಗಿ ಸೋರುವುದು ಅಂಚುಗಳಲ್ಲಿ. ಹಸಿರುಮನೆಯ ಗೋಡೆಯುದ್ದಕ್ಕೂ 50, 60 ಸೆಂ.ಮೀ. ಆಳಕ್ಕೆ ಹಾಳೆಯನ್ನು ನಿಲ್ಲಿಸಿ ಹೂಳಿ. ಹೊರಗಿನ ಮಳೆನೀರು ಒಳಗೆ ನುಗ್ಗುವುದೂ ಸ್ವಲ್ಪ ತಪ್ಪುತ್ತದೆ.

ಮುಂದಿನ ಬೆಳೆಗೆ ಮಣ್ಣು ಬಿಚ್ಚುವ ಅವಕಾಶ ಸಿಕ್ಕರೆ ಎರಡು ಬದಲಾವಣೆ ಮಾಡಿ. ಪೈಪಿನ ಅಂತರವನ್ನು 60ರಿಂದ 30ಕ್ಕೆ ಇಳಿಸಿ. ಪೈಪು ಎರಡು ಪಟ್ಟಾಗುತ್ತದೆ, ಪ್ರತಿ ಮೀಟರ್ ಕೊಡಬೇಕಾದ ಶಾಖ ಅರ್ಧವಾಗುತ್ತದೆ. ಪೈಪಿನ ಮೈಯಲ್ಲಿ ಬಿಸಿಯ ಇಳಿಜಾರು ಅರ್ಧವಾದರೆ ತೇವವನ್ನು ತಳ್ಳುವ ಒತ್ತಡವೂ ಹಾಗೇ ಇಳಿಯುತ್ತದೆ. ಎರಡನೆಯದು, ಪೈಪಿನ ಸುತ್ತ ಬರೀ ದಪ್ಪ ಮರಳು ತುಂಬಬೇಡಿ. ಪೈಪಿಗೆ ಪೆಟ್ಟಾಗದಿರಲಿ ಎಂದು ಬಹಳ ಜನ ಹಾಗೆ ಮಾಡುತ್ತಾರೆ. ಮೊದಲು ಒಣಗುವುದು, ಆಮೇಲೆ ನೀರನ್ನು ವಾಪಸ್ ಎಳೆಯಲಾಗದೆ ನಿಲ್ಲುವುದು ಅದೇ ಮರಳು. ಕೇಬಲಿನವರ ಹಾಗೆ ಸಣ್ಣ ಮರಳಿಗೆ ನುಣುಪು ಮಣ್ಣು ಬೆರೆಸಿ, ಸ್ವಲ್ಪ ನೀರು ಚಿಮುಕಿಸಿ, ಪೈಪಿಗೆ ಗಟ್ಟಿಯಾಗಿ ಒತ್ತಿ ಕೂರಿಸಿ. ಪೈಪಿಗೂ ಮಣ್ಣಿಗೂ ನಡುವೆ ಗಾಳಿಯ ಸಂದಿ ಉಳಿಯಬಾರದು.

ನೀವು ಕೇಳದಿದ್ದರೂ ಒಂದು ಎಚ್ಚರಿಕೆ ಕೊಡಲೇಬೇಕು. ಆವಿ ಹೋಗುವಾಗ ಉಪ್ಪನ್ನು ಬಿಟ್ಟು ಹೋಗುತ್ತದೆ, ದ್ರವ ನೀರು ಬರುವಾಗ ಉಪ್ಪನ್ನು ಹೊತ್ತು ಬರುತ್ತದೆ. ಈ ಸುತ್ತು ತಿಂಗಳುಗಟ್ಟಲೆ ನಡೆದರೆ ಗೊಬ್ಬರದ ಉಪ್ಪೆಲ್ಲ ಬಿಸಿ ಕಡೆಗೆ ಸೇರುತ್ತಾ ಹೋಗುತ್ತದೆ. 1952ರಲ್ಲಿ ಗರ್, ಮಾರ್ಷಲ್, ಹಟನ್ ಎಂಬ ಮೂವರು ಎರಡೂ ತುದಿ ಮುಚ್ಚಿದ ಮಣ್ಣಿನ ಕೊಳವೆಗಳಲ್ಲಿ ಇದನ್ನೇ ತೋರಿಸಿದರು. ನೀರು ತಣ್ಣನೆ ತುದಿಯಲ್ಲಿ ಕೂಡಿತು, ಉಪ್ಪು ಬಿಸಿ ತುದಿಯಲ್ಲಿ ಕೂಡಿತು. ಆವಿ ಒಂದು ದಿಕ್ಕಿಗೆ, ದ್ರವ ಇನ್ನೊಂದು ದಿಕ್ಕಿಗೆ ಏಕಕಾಲದಲ್ಲಿ ಸಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನಿಮ್ಮ ಪೈಪಿನ ಪಕ್ಕದ ಮಣ್ಣನ್ನೂ ಎರಡು ಪೈಪಿನ ನಡುವಿನ ಮಣ್ಣನ್ನೂ ಬೇರೆ ಬೇರೆ ತೆಗೆದು ಉಪ್ಪಿನಂಶ ಅಳೆಸಿ. ಪೈಪಿನ ಪಕ್ಕ ತುಂಬಾ ಜಾಸ್ತಿ ಬಂದರೆ ಈಗ ಕೊಡುವ ಆಳದ ನೀರಿನಲ್ಲಿ ಗೊಬ್ಬರ ಬೆರೆಸಬೇಡಿ. ಬರೀ ಸಿಹಿನೀರು ಕೊಟ್ಟು ಉಪ್ಪನ್ನು ಕೆಳಗೆ ತೊಳೆಯಿರಿ.

ಇನ್ನು ಮುಂದೆ ಗಮನಿಸಬೇಕಾದ್ದು. ಮಣ್ಣು ನೀರನ್ನು ಎಷ್ಟು ಬಲವಾಗಿ ಎಳೆಯುತ್ತದೆ ಎಂದು ಅಳೆಯುವ ಟೆನ್ಸಿಯೋಮೀಟರ್ ಒಂದನ್ನು ಪೈಪಿನ ಆಳದಲ್ಲೇ, ಪೈಪಿನಿಂದ ನಾಲ್ಕು ಬೆರಳು ದೂರದಲ್ಲಿ ಹಾಕಿ. ಮಣ್ಣು ಒಣಗಿದಷ್ಟೂ ಅದರ ಅಂಕಿ ಏರುತ್ತದೆ. ಮೇಲ್ಮಣ್ಣಿನಲ್ಲಿ ಹಾಕಿದರೆ ಮತ್ತೆ ಮೋಸ ಹೋಗುತ್ತೀರಿ. ನಿಮ್ಮಂಥ ಮಣ್ಣಿನಲ್ಲಿ ಮುಳ್ಳು 10ರಿಂದ 20 ಸೆಂಟಿಬಾರ್ ನಡುವೆ ಇರಲಿ. 30ರ ಕಡೆ ಹೊರಟರೆ ಅವತ್ತೇ ಆಳಕ್ಕೆ ನೀರು ಕೊಡಿ. ಅದು 80 ಮುಟ್ಟುವವರೆಗೆ ಕಾದರೆ ಉಪಕರಣದ ಒಳಗಿನ ನೀರೇ ಕಡಿದು ಅಳತೆ ನಿಂತುಹೋಗುತ್ತದೆ. ಮತ್ತೆ ನೀವು ಈಗಾಗಲೇ ಮಾಡುತ್ತಿರುವ ಕೆಲಸವನ್ನು ಬಿಡಬೇಡಿ. ಹೋಗುವ ನೀರು, ಬರುವ ನೀರು, ಎರಡರ ಬಿಸಿಯನ್ನೂ ದಿನಾ ಒಂದೇ ಹೊತ್ತಿಗೆ ಬರೆದಿಡಿ. 32ರಲ್ಲಿ ಹೋದದ್ದು 29ರ ಹತ್ತಿರ ಬಂದರೆ ಮಣ್ಣು ಶಾಖ ಕುಡಿಯುತ್ತಿದೆ. ಹರಿವು ಅಷ್ಟೇ ಇದ್ದು, ಹವೆಯೂ ಹಾಗೇ ಇದ್ದು, ವಾಪಸ್ ಬರುವ ನೀರು ದಿನದಿಂದ ದಿನಕ್ಕೆ ಬಿಸಿಯಾಗುತ್ತಾ ಬಂದರೆ ಪೈಪಿನ ಸುತ್ತ ಮತ್ತೆ ಒಣಗಲು ಶುರುವಾಗಿದೆ. ಮಣ್ಣಿನ ಥರ್ಮಾಮೀಟರ್ ಅದನ್ನು ಹೇಳುವುದಕ್ಕೆ ಇನ್ನೂ ಕೆಲವು ದಿನ ತೆಗೆದುಕೊಳ್ಳುತ್ತದೆ, ಅಷ್ಟರೊಳಗೆ ನೀರು ಕೊಟ್ಟುಬಿಡಿ.